ಹೆಸರು ತಪ್ಪಿದರೆ ಕೋನವೂ ತಪ್ಪುತ್ತದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ, ಮನೆಯಲ್ಲೇ ಕುಳಿತು ಹರಳು ಸಾಣೆ ಹಿಡಿಯುವ ಹವ್ಯಾಸದ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಈ ವಿಷಯದ ಮೇಲೆ ಕನ್ನಡದಲ್ಲಿ ಒಂದು ಪುಟದಷ್ಟು ಬರಹ ಕಾಣುವುದೇ ಅಪರೂಪವಾದ್ದರಿಂದ ಮೊದಲ ಸಲ ಸಂತೋಷಕ್ಕೆ ಓದಿದೆ. ಎರಡನೆಯ ಸಲ ಓದಿದ್ದು ಒಂದು ಪದಕ್ಕಾಗಿ. ಲೇಖನದ ಉದ್ದಕ್ಕೂ, ಚಿತ್ರದ ಕೆಳಗಿನ ಸಾಲಿನಲ್ಲೂ, ಕಂದು ಬಣ್ಣದ ಆ ಕಲ್ಲನ್ನು ‘ಸ್ಮೋಕಿ ಟೋಪಾಜ್’ ಎಂದು ಕರೆಯಲಾಗಿದೆ. ಅದು ಟೋಪಾಜ್ ಅಲ್ಲ, ಸ್ಮೋಕಿ ಕ್ವಾರ್ಟ್ಜ್. ಅಂದರೆ ಹೊಗೆಬಣ್ಣದ ಸ್ಫಟಿಕ, ನಾವು ಬೆಣಚುಕಲ್ಲು ಎನ್ನುತ್ತೇವಲ್ಲ, ಅದರದೇ ತಿಳಿಯಾದ ರೂಪ. ಚಿತ್ರವನ್ನು ನೋಡಿಯೇ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದರೆ, ಯಂತ್ರದ ಪಕ್ಕದಲ್ಲಿ ಇಟ್ಟಿರುವ ಒರಟು ಕಲ್ಲನ್ನು ಗಮನಿಸಬೇಕೆಂದು ಕೋರುತ್ತೇನೆ. ಆರು ಮೈಯ ಕಂಬದಂತಿರುವ ಆ ಹರಳಿನ ಮೇಲೆ ಅಡ್ಡಡ್ಡವಾಗಿ ನವಿರಾದ ಗೆರೆಗಳು ಕಾಣುತ್ತವೆ. ಸ್ಫಟಿಕದ ಕಂಬದ ಮೇಲೆ ಗೆರೆಗಳು ಹೀಗೆ ಅಡ್ಡಕ್ಕೇ ಇರುತ್ತವೆ; ಟೋಪಾಜ್‌ನಲ್ಲಾದರೆ ಅವು ಉದ್ದಕ್ಕೆ ಹರಿಯುತ್ತವೆ.

ಹೆಸರಿನ ತಪ್ಪು ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಲೇಖನದ ಪಕ್ಕದ ಚೌಕಟ್ಟಿನಲ್ಲಿ, ಹೊಸದಾಗಿ ಕಲಿಯುವವರಿಗೆಂದು, ಹರಳಿನ ಕೆಳಭಾಗದ ಮುಖ್ಯ ಮುಖಗಳನ್ನು 39.5 ಡಿಗ್ರಿಯಲ್ಲಿ ತೀಡಬೇಕೆಂದು ಬರೆಯಲಾಗಿದೆ. ಟೋಪಾಜ್‌ಗೆ ಅದು ನಡೆಯುವ ಕೋನ. ಸ್ಫಟಿಕಕ್ಕೆ ನಡೆಯುವುದಿಲ್ಲ. ಹರಳು ತೀಡುವವರಿಗೆ ಕಲ್ಲಿನ ಹೆಸರೆಂದರೆ ಬರೀ ಕರೆಯುವ ಹೆಸರಲ್ಲ. ಯಾವ ಕೋನದಲ್ಲಿ ತೀಡಬೇಕು, ಯಾವ ಪುಡಿಯಿಂದ ಹೊಳಪು ತರಬೇಕು, ಕೆಲಸದಲ್ಲಿ ಏಳುವ ದೂಳಿಗೆ ಎಷ್ಟು ಹೆದರಬೇಕು ಎಂಬುದೆಲ್ಲ ಆ ಹೆಸರಿನ ಬೆನ್ನಿಗೇ ಬರುತ್ತದೆ. ಇದು ನಾನು ಓದಿ ತಿಳಿದುಕೊಂಡದ್ದಲ್ಲ. ನನ್ನ ಮೊದಲ ಹರಳನ್ನು ಕೆಡಿಸಿಕೊಂಡು ತಿಳಿದುಕೊಂಡದ್ದು.

ಆ ಕಲ್ಲು ನನ್ನ ಕೈಗೆ ಬಂದದ್ದು ಒಂದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ. ಒಳಗಿದ್ದ ಚೀಟಿಯ ಮೇಲೆ ತಮ್ಮ ಲೇಖನದಲ್ಲಿರುವ ಹೆಸರೇ ಇತ್ತು. ಮಾರಿದವರು ಬೇಕೆಂದೇ ಮೋಸ ಮಾಡಿದರೆಂದು ನಾನು ಹೇಳಲಾರೆ. ಅವರಿಗೆ ಕೊಟ್ಟವರು ಹಾಗೆ ಹೇಳಿರಬಹುದು, ಅವರಿಗೂ ಮೊದಲಿನವರು ಹಾಗೆಯೇ. ಹೆಬ್ಬೆರಳ ತುದಿಯಷ್ಟು ದಪ್ಪದ ಕಲ್ಲು, ಒಣಗಿದ ಎಲೆಯ ಬಣ್ಣ, ಒಳಗೆ ನೂಲೆಳೆಯಷ್ಟೂ ಬಿರುಕಿಲ್ಲ. ಟೋಪಾಜ್‌ಗೆಂದು ಬರೆದ ಒಂದು ವಿನ್ಯಾಸದ ನಕ್ಷೆಯನ್ನು ಹುಡುಕಿ ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಕೂತೆ.

ಈ ಕೆಲಸವನ್ನು ಕಣ್ಣಾರೆ ಕಾಣದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕಲ್ಲನ್ನು ಡಾಪ್ ಎಂಬ ಲೋಹದ ಕಡ್ಡಿಯ ತುದಿಗೆ ಅರಗಿನಿಂದ ಅಂಟಿಸುತ್ತೇವೆ. ಆ ಕಡ್ಡಿಯನ್ನು ಹಿಡಿದ ತೋಳನ್ನು ಒಂದು ಕಂಬಕ್ಕೆ ಜೋಡಿಸಿರುತ್ತಾರೆ. ತೋಳು ಎಷ್ಟು ಓರೆಯಾಗಿದೆ ಎಂಬುದನ್ನು ಕೋನಮಾಪಕ ತೋರಿಸುತ್ತದೆ. ಕಲ್ಲನ್ನು ಅದರ ಅಕ್ಷದ ಸುತ್ತ ಎಷ್ಟು ತಿರುಗಿಸಿ ನಿಲ್ಲಿಸಿದ್ದೇವೆ ಎಂಬುದನ್ನು ಹಲ್ಲುಗಳಿರುವ ಒಂದು ಚಕ್ರ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಬಳಸುವ ಚಕ್ರಕ್ಕೆ 96 ಹಲ್ಲುಗಳು. ಎಂಟು ಸಮ ಮುಖಗಳು ಬೇಕಾದರೆ 12 ಹಲ್ಲಿಗೊಮ್ಮೆ ನಿಲ್ಲಿಸಬೇಕು. ಕೆಳಗೆ ಲ್ಯಾಪ್ ಎನ್ನುವ ಚಪ್ಪಟೆ ತಟ್ಟೆ ನೀರಿನ ಹನಿಯಡಿ ತಿರುಗುತ್ತಿರುತ್ತದೆ. ಮೊದಲಿಗೆ ವಜ್ರದ ಒರಟು ಪುಡಿ ಕೂರಿಸಿದ ತಟ್ಟೆ, ಆಮೇಲೆ 600, 1200, 3000 ಎಂದು ನಯವಾಗುತ್ತ ಹೋಗುವ ತಟ್ಟೆಗಳು, ಕೊನೆಗೆ ಹೊಳಪಿನ ತಟ್ಟೆ. ದುಂಡು ಬ್ರಿಲಿಯಂಟ್ ಎನ್ನುವ ಎಲ್ಲರಿಗೂ ಪರಿಚಿತವಾದ ವಿನ್ಯಾಸದಲ್ಲಿ ಕೆಳಭಾಗಕ್ಕೆ 24 ಮುಖಗಳು, ಮೇಲ್ಭಾಗಕ್ಕೆ 32, ನೆತ್ತಿಯ ಮೇಲೆ ಟೇಬಲ್ ಎನ್ನುವ ದೊಡ್ಡ ಚಪ್ಪಟೆ ಮುಖ ಒಂದು, ಒಟ್ಟು 57. ಕೆಳಭಾಗದ 24ರಲ್ಲಿ ಎಂಟು ಮಾತ್ರ ತುದಿಯವರೆಗೂ ಇಳಿಯುವ ಮುಖ್ಯ ಮುಖಗಳು. ಉಳಿದ 16, ಮೇಲ್ಭಾಗ ಕೆಳಭಾಗಗಳು ಸೇರುವ ನಡುಪಟ್ಟಿಗೆ ತಾಗಿಕೊಂಡಿರುವ ಕಿರುಮುಖಗಳು.

ಈ ಮುಖಗಳು ಎಲ್ಲೆಲ್ಲೋ ಸಂಧಿಸಿದರೆ ಆಗುವುದಿಲ್ಲ. ಮೂರು ನಾಲ್ಕು ಅಂಚುಗಳು ಒಂದೇ ಚುಕ್ಕೆಯಲ್ಲಿ ಬಂದು ಕೂಡಬೇಕು. ಕೂದಲೆಳೆಯಷ್ಟು ಕಡಿಮೆ ತೀಡಿದರೆ ಚುಕ್ಕೆಯಿರಬೇಕಾದ ಕಡೆ ಒಂದು ಪುಟ್ಟ ಗೆರೆ ಉಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚು ತೀಡಿದರೆ ಆ ಸುತ್ತಿನ ಎಲ್ಲ ಮುಖಗಳನ್ನೂ ಅಷ್ಟೇ ಆಳಕ್ಕೆ ಮತ್ತೆ ತೀಡಿ ಸರಿದೂಗಿಸಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಎರಡು ಸುತ್ತು ತೀಡುವುದು, ಎತ್ತಿ ಒರೆಸಿ ನೋಡುವುದು, ಮತ್ತೆರಡು ಸುತ್ತು ತೀಡುವುದು, ಇದೇ ಈ ಹವ್ಯಾಸದ ಹೆಚ್ಚಿನ ಹೊತ್ತು. ‘ಒಂದೇ ದಿನದಲ್ಲಿ ಕಲ್ಲು ಆಭರಣವಾಗುತ್ತದೆ’ ಎಂದು ಲೇಖನದಲ್ಲಿರುವ ಮಾತು ಪಳಗಿದ ಕೈಗಳಿಗೆ ಸರಿಯಿರಬಹುದು. ನನಗೆ ಆ ಮೊದಲ ಹರಳಿಗೆ ಇಪ್ಪತ್ತು ಸಂಜೆಗಳು ಹಿಡಿದವು.

ಇಪ್ಪತ್ತನೆಯ ಸಂಜೆ ಅರಗನ್ನು ಬಿಡಿಸಿ, ತೊಳೆದು, ದೀಪದ ಕೆಳಗೆ ಹಿಡಿದೆ. ಅಂಚಿನ ಸುತ್ತ ಕಂದು ಮತ್ತು ಬಂಗಾರದ ಕಿಡಿಗಳು ಚೆನ್ನಾಗಿಯೇ ಓಡಾಡುತ್ತಿದ್ದವು. ನಟ್ಟನಡುವೆ ಮಾತ್ರ ಏನೂ ಇರಲಿಲ್ಲ. ಎಂಟು ದಳದ ಹೂವಿನ ಆಕಾರದಲ್ಲಿ ಒಂದು ಪೇಲವ ಜಾಗ, ಅದರ ಮೂಲಕ ಹರಳನ್ನು ಹಿಡಿದಿದ್ದ ನನ್ನದೇ ಬೆರಳಿನ ಚರ್ಮದ ಗೆರೆಗಳು. ಹರಳು ತೀಡುವವರು ಇದನ್ನು ‘ವಿಂಡೋ’ ಎನ್ನುತ್ತಾರೆ. ಕಿಟಕಿ ಎಂಬ ಮಾತು ಅದಕ್ಕೆ ತುಂಬ ಮರ್ಯಾದೆಯಾಯಿತು, ತೂತು ಎಂದರೇ ಸರಿ. ಮುಖಗಳು ಕೂಡುವ ಚುಕ್ಕೆಗಳಲ್ಲಿ ತಪ್ಪಿರಲಿಲ್ಲ, ಹೊಳಪಿನಲ್ಲೂ ಹೇಳಿಕೊಳ್ಳುವಂಥ ಕೊರತೆಯಿರಲಿಲ್ಲ. ನಕ್ಷೆಯಲ್ಲಿದ್ದಂತೆಯೇ, ಹತ್ತನೇ ಒಂದು ಡಿಗ್ರಿಯೂ ಆಚೀಚೆಯಾಗದಂತೆ ತೀಡಿದ್ದೆ. ನಕ್ಷೆಯೇ ಬೇರೆ ಕಲ್ಲಿನದಾಗಿತ್ತು.

ಕಾರಣ ಶಾಲೆಯಲ್ಲಿ ಓದಿದ ಬೆಳಕಿನ ಪಾಠದಲ್ಲೇ ಇದೆ. ದಟ್ಟ ಮಾಧ್ಯಮದೊಳಗಿನ ಬೆಳಕು ಅದರ ಮೇಲ್ಮೈಗೆ ಒಂದು ನಿರ್ದಿಷ್ಟ ಕೋನಕ್ಕಿಂತ ಹೆಚ್ಚು ಓರೆಯಾಗಿ ಬಿದ್ದರೆ ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಆ ಕೋನಕ್ಕೆ ಕ್ರಾಂತಿಕ ಕೋನವೆಂದು ಹೆಸರು. ವಕ್ರೀಭವನ ಸೂಚ್ಯಂಕ, ಅಂದರೆ ಕಲ್ಲು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಹೆಚ್ಚಿದಷ್ಟೂ ಈ ಕೋನ ಕಡಿಮೆಯಾಗುತ್ತದೆ. ಟೋಪಾಜ್‌ನ ಸೂಚ್ಯಂಕ 1.62ರ ಆಸುಪಾಸು, ಆದ್ದರಿಂದ ಅದರ ಕ್ರಾಂತಿಕ ಕೋನ ಸುಮಾರು 38 ಡಿಗ್ರಿ. ಸ್ಫಟಿಕದ ಸೂಚ್ಯಂಕ 1.544ರಿಂದ 1.553, ಕ್ರಾಂತಿಕ ಕೋನ 40 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಟೇಬಲ್‌ನ ಮೂಲಕ ನೇರವಾಗಿ ಇಳಿದ ಬೆಳಕು ಕೆಳಭಾಗದ ಮುಖಕ್ಕೆ ತಾಗುವ ಕೋನವೂ ಆ ಮುಖವನ್ನು ನಾವು ತೀಡಿದ ಕೋನವೂ ಒಂದೇ. ಟೋಪಾಜ್‌ನಲ್ಲಿ 39.5 ಡಿಗ್ರಿಯಲ್ಲಿ ಬಿದ್ದ ಬೆಳಕು ಎದುರು ಮುಖಕ್ಕೆ ಚಿಮ್ಮಿ, ಅಲ್ಲಿಂದ ಮೇಲೆ ನಮ್ಮ ಕಣ್ಣಿಗೆ ಮರಳುತ್ತದೆ. ಸ್ಫಟಿಕದಲ್ಲಿ ಅದೇ ಬೆಳಕಿನ ಬಹುಪಾಲು ಮುಖವನ್ನು ದಾಟಿ ಕೆಳಗೆ ಸೋರಿಹೋಗುತ್ತದೆ. ನನ್ನ ಹರಳಿನ ಎಂಟು ಮುಖ್ಯ ಮುಖಗಳಲ್ಲಿ ಆದದ್ದು ಇದೇ. ಕಿರುಮುಖಗಳನ್ನು ಮಾತ್ರ 41.5 ಡಿಗ್ರಿಯಲ್ಲಿ ತೀಡಿದ್ದರಿಂದ ಅವು ಬೆಳಕನ್ನು ಹಿಡಿದಿಟ್ಟವು. ಅಂಚಿನಲ್ಲಿ ಕಿಡಿ, ನಡುವೆ ಎಂಟು ದಳದ ತೂತು. ಒಂದು ಡಿಗ್ರಿಗೂ ಕಡಿಮೆಯ ವ್ಯತ್ಯಾಸ ಇಷ್ಟನ್ನು ಮಾಡುತ್ತದೆಂದು ಯಾರಾದರೂ ಹೇಳಿದ್ದರೆ ಅಂದು ನಾನು ನಂಬುತ್ತಿರಲಿಲ್ಲ.

ವಜ್ರಕ್ಕೆ ಹೇಳಿದ ಕೋನಗಳನ್ನು ಎಲ್ಲ ಕಲ್ಲುಗಳಿಗೂ ಅನ್ವಯಿಸುವವರೂ ಇದ್ದಾರೆ. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಅವರು ದುಂಡು ವಜ್ರಕ್ಕೆಂದು ಲೆಕ್ಕಹಾಕಿ ಕೊಟ್ಟ ಕೆಳಭಾಗದ ಕೋನ 40.75 ಡಿಗ್ರಿ. ವಜ್ರದ ಕ್ರಾಂತಿಕ ಕೋನ ಸುಮಾರು 24 ಡಿಗ್ರಿ ಮಾತ್ರ, ಹಾಗಾಗಿ ಅಲ್ಲಿ ಬೇಕಾದಷ್ಟು ಸಡಿಲವಿದೆ. ಅದೇ ಕೋನವನ್ನು ಸ್ಫಟಿಕಕ್ಕೆ ತಂದರೆ ಗೆರೆಯ ಮೇಲೆ ನಿಂತ ಹಾಗೆ. ನೇರ ನೋಡಿದಾಗ ಹರಳು ಹೊಳೆಯುತ್ತದೆ, ಬೆರಳನ್ನು ಚೂರು ಓರೆ ಮಾಡಿದರೆ ಒಂದು ಪಕ್ಕದಲ್ಲಿ ತೂತು ತೆರೆದುಕೊಳ್ಳುತ್ತದೆ. ಆದ್ದರಿಂದಲೇ ಸ್ಫಟಿಕವನ್ನು ತೀಡುವವರು ಕ್ರಾಂತಿಕ ಕೋನಕ್ಕಿಂತ ಒಂದೆರಡು ಡಿಗ್ರಿ ಮೇಲೆ, 42ರ ಸುಮಾರಿನಲ್ಲಿ, ಕೆಲಸ ಮಾಡುತ್ತಾರೆ. ಹಾಗೆಂದು ಮುಖ್ಯ ಮುಖವೊಂದನ್ನೇ ಏರಿಸಿದರೆ ಸಾಲದು, ಚುಕ್ಕೆಗಳು ತಪ್ಪಿಹೋಗುತ್ತವೆ. ಎಲ್ಲ ಮುಖಗಳ ಕೋನದ ಟ್ಯಾಂಜೆಂಟ್ ಒಂದೇ ಪ್ರಮಾಣದಲ್ಲಿ ಹೆಚ್ಚಬೇಕು: 39.5 ಇದ್ದದ್ದು 42 ಆದರೆ 41.5 ಇದ್ದದ್ದು 44 ಆಗಬೇಕು. ಆಗ ಮೇಲಿನಿಂದ ಕಾಣುವ ವಿನ್ಯಾಸ ಇದ್ದಂತೆಯೇ ಉಳಿದು ಆಳ ಮಾತ್ರ ಹೆಚ್ಚುತ್ತದೆ. ಜೆಮ್‌ಕ್ಯಾಡ್‌ನಂಥ ತಂತ್ರಾಂಶ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ ಅದಕ್ಕೂ ಮೊದಲು ಯಾವ ಕಲ್ಲು ಎಂದು ನಾವು ಸರಿಯಾಗಿ ಹೇಳಬೇಕು.

ಹೇಳುವುದು ಹೇಗೆ? ನನ್ನ ಇಪ್ಪತ್ತು ಸಂಜೆಗಳನ್ನು ಐದು ನಿಮಿಷದ ಒಂದು ಪರೀಕ್ಷೆ ಉಳಿಸುತ್ತಿತ್ತು. ಕಲ್ಲನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಕೊಳ್ಳಬೇಕು. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಸ್ಫಟಿಕಕ್ಕೆ ಅದು 2.65, ಟೋಪಾಜ್‌ಗೆ 3.5ರ ಮೇಲೆ. 10.6 ಗ್ರಾಂ ತೂಗುವ ಕಲ್ಲು ಸ್ಫಟಿಕವಾದರೆ ತಕ್ಕಡಿ 4 ಗ್ರಾಂ ತೋರಿಸುತ್ತದೆ, ಟೋಪಾಜ್ ಆದರೆ 3 ಗ್ರಾಂ. ಸಾಧಾರಣ ತಕ್ಕಡಿಗೂ ತಪ್ಪದಷ್ಟು ದೊಡ್ಡ ವ್ಯತ್ಯಾಸ ಇದು. ತೂತು ಕಂಡ ಮರುದಿನ, ಕಲ್ಲನ್ನು ಕೊಯ್ದಾಗ ಉಳಿದಿದ್ದ ತುಂಡಿನ ಮೇಲೆ ನಾನು ಈ ಪರೀಕ್ಷೆ ಮಾಡಿದೆ. ಬಂದ ಉತ್ತರ 2.6ರ ಮೇಲೆ ಚೂರು. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಈ ಹೆಸರು ಹೇಗೆ ಹುಟ್ಟಿತೆಂಬುದು ಊಹಿಸಲು ಕಷ್ಟವಾದ ಸಂಗತಿಯೇನಲ್ಲ. ಟೋಪಾಜ್ ಎಂಬುದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಬೆಣಚುಕಲ್ಲು ಎಂಬುದಕ್ಕಿಲ್ಲ. ಹಳದಿ ಸ್ಫಟಿಕಕ್ಕೂ ಕಂದು ಸ್ಫಟಿಕಕ್ಕೂ ವ್ಯಾಪಾರಿಗಳು ಟೋಪಾಜ್ ಎಂಬ ಬಾಲ ಕಟ್ಟಿ ಮಾರುತ್ತ ಬಂದದ್ದು ಬಹಳ ಹಳೆಯ ರೂಢಿ. ರತ್ನಶಾಸ್ತ್ರ ತಿಳಿದವರು ಇದನ್ನು ತಪ್ಪು ಹೆಸರೆಂದೇ ಪರಿಗಣಿಸುತ್ತಾರೆ. ಈ ಕಲ್ಲಿಗೆ ತನ್ನದೇ ಒಳ್ಳೆಯ ಹೆಸರುಗಳಿಲ್ಲವೇ ಎಂದರೆ, ಇವೆ. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಸಿಗುತ್ತಿದ್ದ, ಹಳದಿ ಬೆರೆತ ಕಂದು ಸ್ಫಟಿಕಕ್ಕೆ ಆ ಬೆಟ್ಟಗಳ ಹೆಸರೇ ನಿಂತಿದೆ. ಬೆಳಕೇ ಹಾಯದಷ್ಟು ಕಪ್ಪಗಿರುವುದನ್ನು ಮೋರಿಯನ್ ಎನ್ನುತ್ತಾರೆ.

ಹೆಸರಿನಲ್ಲಿರುವ ಹೊಗೆಯೂ ಒಂದಷ್ಟು ದಾರಿ ತಪ್ಪಿಸುತ್ತದೆ. ಲೇಖನದಲ್ಲಿ ಹೇಳಿರುವಂತೆ ಭೂಮಿಯೊಳಗಿನ ಹೊಗೆ ಕಲ್ಲಿನಲ್ಲಿ ಸಿಕ್ಕಿಕೊಂಡು ಈ ಬಣ್ಣ ಬಂದದ್ದಲ್ಲ. ಸಿಲಿಕಾನ್ ಇರಬೇಕಾದ ಕೆಲವೇ ಕೆಲವು ಜಾಗಗಳಲ್ಲಿ ಅಲ್ಯೂಮಿನಿಯಂ ಪರಮಾಣುಗಳು ಸೇರಿಕೊಂಡಿರುತ್ತವೆ. ಸುತ್ತಲಿನ ಬಂಡೆಗಳಿಂದ ಹೊಮ್ಮುವ ಸಹಜ ವಿಕಿರಣ ಲಕ್ಷಾಂತರ ವರ್ಷಗಳ ಕಾಲ ತಾಗಿದಾಗ, ಆ ಜಾಗಗಳ ಪಕ್ಕದ ಆಕ್ಸಿಜನ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತುಹೋಗುತ್ತದೆ. ಹಾಗೆ ಉಳಿದ ಖಾಲಿ ಜಾಗ ಬೆಳಕನ್ನು ಹೀರುವುದರಿಂದ ಕಲ್ಲು ಕಂದಾಗಿ ಕಾಣುತ್ತದೆ. ಬಣ್ಣವಿಲ್ಲದ ಸ್ಫಟಿಕಕ್ಕೆ ಗಾಮಾ ಕಿರಣ ಹಾಯಿಸಿ ಇದನ್ನೇ ಕೃತಕವಾಗಿ ಮಾಡುವುದೂ ಉಂಟು. ಗಾಮಾ ಕಿರಣದಿಂದ ಕಲ್ಲು ವಿಕಿರಣಶೀಲವಾಗುವುದಿಲ್ಲವಾದ್ದರಿಂದ ಅದಕ್ಕೆ ಹೆದರಬೇಕಿಲ್ಲ. ಮುನ್ನೂರು ನಾನೂರು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಈ ಬಣ್ಣ ಮಾಸುತ್ತದೆ. ಹರಳು ಕೂಡಿಸಿದ ಮೇಲೆ ಅದೇ ಒಡವೆಗೆ ಬೆಸುಗೆಯ ಜ್ವಾಲೆ ಹಿಡಿಯಬಾರದೆಂಬುದಕ್ಕೆ ಇದೂ ಒಂದು ಕಾರಣ.

ಹೊಳಪಿನ ವಿಷಯಕ್ಕೆ ಬಂದರೆ, ಇಲ್ಲಿಯೂ ಹೆಸರೇ ದಾರಿ ತೋರಿಸುವುದು ಅಥವಾ ತಪ್ಪಿಸುವುದು. ಟೋಪಾಜ್ ಎಂದು ನಂಬಿದವರು ಸಾಮಾನ್ಯವಾಗಿ ಅತಿಸೂಕ್ಷ್ಮ ವಜ್ರದ ಪುಡಿಯನ್ನು ಹಿಡಿಯುತ್ತಾರೆ. ಸ್ಫಟಿಕಕ್ಕೆ ಒಗ್ಗಿ ಬರುವುದು ಸೀರಿಯಂ ಆಕ್ಸೈಡ್, ಗಾಜಿನ ಮಸೂರಗಳಿಗೆ ಹೊಳಪು ಕೊಡಲು ಬಳಸುವ ಪುಡಿ. ಅದನ್ನು ನೀರಿನಲ್ಲಿ ಕಲಸಿ ಅಕ್ರಿಲಿಕ್ ತಟ್ಟೆಗೋ ತೆಳುವಾದ ಪ್ಲಾಸ್ಟಿಕ್ ಹಾಳೆಗೋ ಸವರುತ್ತಾರೆ. ವಜ್ರದ ಪುಡಿಯಲ್ಲೇ ಸ್ಫಟಿಕಕ್ಕೆ ಕನ್ನಡಿಯಂಥ ಹೊಳಪು ತರುವ ಕುಶಲರೂ ಇದ್ದಾರೆ, ನಾನು ಅವರಲ್ಲಿ ಒಬ್ಬನಲ್ಲ. ನನ್ನ ಎರಡನೆಯ ಹರಳಿನ ಟೇಬಲ್ ಮುಖ ಒಂದಕ್ಕೇ ಮೂರು ಸಂಜೆಗಳು ಹೋದವು. ಮುಖ ಪೂರ್ತಿ ಹೊಳೆಯುತ್ತಿತ್ತು, ಆದರೆ ದೀಪದ ಪ್ರತಿಬಿಂಬವನ್ನು ಅದರ ಮೇಲೆ ಜಾರಿಸಿದಾಗ ಅಂಚಿನಿಂದ ಅಂಚಿಗೆ ಬಿಲ್ಲಿನಂತೆ ಬಾಗಿದ ಒಂದು ಗೀರು ಮಿಂಚಿ ಮರೆಯಾಗುತ್ತಿತ್ತು. ತಟ್ಟೆ ತಿರುಗುವ ದಿಕ್ಕಿನಲ್ಲೇ ಬಾಗಿದೆ ಎಂದ ಮೇಲೆ ತಟ್ಟೆಯ ಮೇಲೆ ಏನೋ ಕೂತಿದೆ ಎಂದರ್ಥ. ತಟ್ಟೆಯನ್ನು ತೊಳೆದೆ, ಪುಡಿಯನ್ನು ಬದಲಿಸಿದೆ, ಗೀರನ್ನು ತೀಡಿ ತೆಗೆದೆ. ಹತ್ತು ನಿಮಿಷಕ್ಕೆ ಅದರ ಪಕ್ಕದಲ್ಲಿ ಇನ್ನೊಂದು. ಮೂರನೆಯ ಸಂಜೆ ಕೈ ತೊಳೆಯುವಾಗ ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಕೆಸರು ಕಂಡಿತು. 1200ರ ತಟ್ಟೆಯಲ್ಲಿ ಕೆಲಸ ಮಾಡಿದ ಕೈಯಲ್ಲೇ ಹೊಳಪಿನ ತಟ್ಟೆಯನ್ನು ಮುಟ್ಟುತ್ತಿದ್ದೆ. ಉಗುರು ಕತ್ತರಿಸಿ, ಬ್ರಷ್ಷಿನಿಂದ ಉಜ್ಜಿ ತೊಳೆದು ಕೂತ ಮೇಲೆ ಕಾಲು ಗಂಟೆಯಲ್ಲಿ ಮುಖ ಶುದ್ಧವಾಯಿತು. ಅಂದಿನಿಂದ ಹೊಳಪಿನ ತಟ್ಟೆಗೆ ಬೇರೆ ಡಬ್ಬಿ, ಬೇರೆ ಬಟ್ಟೆ, ಬೇರೆ ನೀರು. ಮನೆಯವರ ದೃಷ್ಟಿಯಲ್ಲಿ ಇದು ಹೊಸದೊಂದು ಮಡಿ.

ಆ ಬೂದು ಕೆಸರಿನ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದಿರುವುದು ನನಗೆ ಕೋನದ ತಪ್ಪಿಗಿಂತಲೂ ಹೆಚ್ಚು ಚಿಂತೆಯ ವಿಷಯವಾಗಿ ಕಂಡಿತು. ಒರಟು ಕಲ್ಲಿನ ತೂಕದಲ್ಲಿ ಹರಳಾಗಿ ಉಳಿಯುವುದು ಕಾಲು ಭಾಗವಾದರೆ ಹೆಚ್ಚು; ಉಳಿದದ್ದೆಲ್ಲ ಪುಡಿ. ಸ್ಫಟಿಕವೆಂದರೆ ಪೂರ್ತಿ ಸಿಲಿಕಾ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಉಸಿರಿನೊಂದಿಗೆ ಹೋಗಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ಅದು ಗುಣವಾಗುವ ಕಾಯಿಲೆಯಲ್ಲ. ಕೆಲಸದ ಜಾಗಗಳಲ್ಲಿ ಉಸಿರಾಡುವ ಹರಳುರೂಪದ ಸಿಲಿಕಾ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹವ್ಯಾಸಿಯೊಬ್ಬ ವಾರಕ್ಕೆ ನಾಲ್ಕಾರು ಗಂಟೆ ತೀಡುವುದಕ್ಕೂ ಕಲ್ಲಿನ ಕಾರ್ಖಾನೆಯಲ್ಲಿ ಜೀವಮಾನ ದುಡಿಯುವುದಕ್ಕೂ ಹೋಲಿಕೆಯಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ನೀರಿಲ್ಲದೆ ಒಮ್ಮೆಯೂ ತೀಡಬಾರದು, ಒರಟು ಕಲ್ಲಿಗೆ ಆಕಾರ ಕೊಡುವ ಆ ಮೊದಲ ಐದು ನಿಮಿಷಕ್ಕೂ ಈ ಮಾತು ಸಲ್ಲುತ್ತದೆ. ನೀರಿದ್ದರಷ್ಟೇ ಮುಗಿಯಲಿಲ್ಲ: ಯಂತ್ರದ ತೊಟ್ಟಿಯಲ್ಲಿ, ಅಂಗಿಯ ತೋಳಿನಲ್ಲಿ, ಮೇಜಿನ ಮೇಲೆ ಸಿಡಿದು ಒಣಗಿದ ಕೆಸರು ಮತ್ತೆ ದೂಳೇ. ಅದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ತಮ್ಮ ಪುರವಣಿಯ ಚಿತ್ರದಲ್ಲಿ ನೀರಿನ ಕೊಳವೆ ಪಕ್ಕಕ್ಕೆ ತಿರುಗಿದೆ, ತಟ್ಟೆ ಒಣಗಿದಂತೆ ಕಾಣುತ್ತದೆ. ಛಾಯಾಗ್ರಾಹಕರ ಅನುಕೂಲಕ್ಕೆಂದು ಹಾಗೆ ಮಾಡಿರಬಹುದು. ನೋಡಿ ಕಲಿಯುವವರಿಗೆ ಅದು ಗೊತ್ತಾಗುವುದಿಲ್ಲ.

ಎಲ್ಲ ಅನಾಹುತಗಳನ್ನೂ ಹೆಸರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ನನ್ನ ಮೂರನೆಯ ಕಲ್ಲು ಅರಗು ಹಾಕುವಾಗಲೇ ‘ಟಿಕ್’ ಎಂದು ಸದ್ದು ಮಾಡಿ ಎರಡಾಯಿತು. ತಣ್ಣಗಿದ್ದ ಕಲ್ಲನ್ನು ನೇರವಾಗಿ ಜ್ವಾಲೆಗೆ ಹಿಡಿದ ಆತುರ ನನ್ನದೇ. ಇನ್ನೊಂದು ಕಲ್ಲು, ಕೈಯಲ್ಲಿ ಹಿಡಿದಾಗ ಒಳ್ಳೆಯ ಕಂದು ಬಣ್ಣದ್ದು, ತೀಡಿ ಮುಗಿಸಿದಾಗ ಇದ್ದಿಲಿನ ಚೂರಿನಂತಾಯಿತು. ಕೋನ ಸರಿಯಿದ್ದರೆ ಬೆಳಕು ಹರಳಿನೊಳಗೆ ಇಳಿದು, ಅಡ್ಡ ಹಾದು, ಮತ್ತೆ ಮೇಲೆ ಬರಬೇಕಾದ್ದರಿಂದ ಒರಟು ಕಲ್ಲಿನಲ್ಲಿ ಕಂಡದ್ದಕ್ಕಿಂತ ಬಣ್ಣ ಬಹಳ ಗಾಢವಾಗುತ್ತದೆ. ದೊಡ್ಡ ಹರಳು ಬೇಕಾದರೆ ಬಿಳಿ ಕಾಗದದ ಮೇಲಿಟ್ಟಾಗ ‘ಇದಕ್ಕೆ ಬಣ್ಣವೇ ಸಾಲದು’ ಎನ್ನಿಸುವಂಥ ಕಲ್ಲನ್ನೇ ಆರಿಸಬೇಕು.

ಲೇಖನದ ಇನ್ನೊಂದು ಮಾತಿಗೆ ನನ್ನ ತಕರಾರಿದೆ. ಈ ಕಲ್ಲು ‘ಕಲಿಯುವವರು ಕೆಡಿಸಲು ಅಡ್ಡಿಯಿಲ್ಲದ್ದು’ ಎಂದು ಅದರಲ್ಲಿದೆ. ಅಗ್ಗವೆಂಬುದು ನಿಜ, ದೊಡ್ಡ ಗಾತ್ರದಲ್ಲಿ, ಒಳಗೆ ಕಸವಿಲ್ಲದೆ, ಬೇಕಾದಷ್ಟು ಸಿಗುತ್ತದೆ ಎಂಬುದೂ ನಿಜ. ಟೋಪಾಜ್‌ನಂತೆ ಒಂದು ದಿಕ್ಕಿನಲ್ಲಿ ಥಟ್ಟನೆ ಸೀಳುವ ಗುಣ ಇದಕ್ಕಿಲ್ಲ, ಆದ್ದರಿಂದ ಯಾವ ಕಡೆಯಿಂದ ತೀಡಿದರೂ ಮುಖ ಕೂರುತ್ತದೆ. ಆದರೆ ಕೋನದ ವಿಷಯದಲ್ಲಿ ಇದು ಸ್ವಲ್ಪವೂ ಉದಾರಿಯಲ್ಲ. ಸೂಚ್ಯಂಕ ಹೆಚ್ಚಿರುವ ಕಲ್ಲುಗಳು ಒಂದೆರಡು ಡಿಗ್ರಿಯ ತಪ್ಪನ್ನು ಹೊಳಪಿನಲ್ಲಿ ಮುಚ್ಚಿಹಾಕಿಬಿಡುತ್ತವೆ. ಸ್ಫಟಿಕ ಮುಚ್ಚುವುದಿಲ್ಲ, ನಡುವೆ ತೂತು ತೆರೆದು ತೋರಿಸುತ್ತದೆ. ಸರಿಯಾಗಿ ತೀಡಿದಾಗ ಅದರೊಳಗಿನ ಬೆಳಕು ಬೇರೆಯದೇ. ವಜ್ರದಂತೆ ಬಣ್ಣ ಬಣ್ಣದ ಕಿಡಿ ಸಿಡಿಯುವ ಸ್ವಭಾವ ಅದರದ್ದಲ್ಲ. ಕಂದಿನಿಂದ ಬಂಗಾರಕ್ಕೆ, ಬಂಗಾರದಿಂದ ಮಸಿಗೆ, ಹರಳನ್ನು ಅಲುಗಿಸಿದ ಹಾಗೆಲ್ಲ ನಿಧಾನವಾಗಿ ಮಗ್ಗುಲು ಬದಲಿಸುವ ಬೆಳಕು. ಈಗ ಬೇರೆ ಬೇರೆ ಕಲ್ಲುಗಳನ್ನು ತೀಡುವಷ್ಟು ಕೈ ಕುದುರಿದ್ದರೂ ಮಳೆಗಾಲದ ಸಂಜೆ ಯಂತ್ರದ ಮುಂದೆ ಕೂತಾಗ ನಾನು ತೆಗೆಯುವುದು ಇದೇ ಕಲ್ಲನ್ನು.

ಮುಂದಿನ ಭಾನುವಾರದ ಪುರವಣಿಯಲ್ಲಿ ಎರಡು ಸಾಲಿನ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ: ಕಲ್ಲಿನ ಹೆಸರು ಹೊಗೆಬಣ್ಣದ ಸ್ಫಟಿಕ ಎಂದೂ, ಕೆಳಭಾಗದ ಮುಖ್ಯ ಮುಖಗಳ ಕೋನ 42 ಡಿಗ್ರಿಯೆಂದೂ. ಜಾಗ ಉಳಿದರೆ ನೀರಿನ ವಿಷಯ ಒಂದು ಸಾಲು.

ಪತ್ರ ಬರೆಯಲು ಕೂರುವ ಮೊದಲು ಆ ಪುರವಣಿಯನ್ನು ಮೇಜಿನ ಮೇಲೆ ಹರಡಿ, ನನ್ನ ಮೊದಲ ಹರಳನ್ನು ಶೀರ್ಷಿಕೆಯ ಕೆಳಗಿನ ಸಾಲಿನ ಮೇಲೆ ಮಗುಚಿಡದೆ, ಟೇಬಲ್ ಮೇಲೆ ಬರುವಂತೆ ಬೆರಳಿನಲ್ಲಿ ಹಿಡಿದಿಟ್ಟೆ. ಅದನ್ನು ಮತ್ತೆ 42 ಡಿಗ್ರಿಗೆ ತೀಡಿದರೆ ಅಗಲದಲ್ಲಿ ಅರ್ಧ ಮಿಲಿಮೀಟರ್ ಹೋಗುತ್ತದೆಂಬ ಲೆಕ್ಕ ಹಾಕಿ, ಬೇಡವೆಂದು ಹಾಗೆಯೇ ಇಟ್ಟುಕೊಂಡಿದ್ದೇನೆ. ಎಂಟು ದಳದ ತೂತಿನೊಳಗಿಂದ ‘ಟೋಪಾಜ್’ ಎಂಬ ಮೂರು ಅಕ್ಷರ, ಅಚ್ಚಿನ ಮಸಿ ಚೂರು ಹರಡಿರುವುದೂ ಸೇರಿ, ಸ್ಪಷ್ಟವಾಗಿ ಓದಲು ಬಂತು. ಆಮೇಲೆ ಅದೇ ಜಾಗದಲ್ಲಿ ಎರಡನೆಯ ಹರಳನ್ನು ಹಿಡಿದೆ. ಒಂದು ಅಕ್ಷರವೂ ಕಾಣಲಿಲ್ಲ.

ಇತಿ,
ತಮ್ಮ ವಿಶ್ವಾಸಿ,
ಹರಳು ತೀಡುವ ಒಬ್ಬ ಓದುಗ